ನಳದ ನೀರಿನಲ್ಲಿ ಹುಡುಕಬೇಕಾದದ್ದು ಏನು?

2022ರ ಅಕ್ಟೋಬರ್‌ನಲ್ಲಿ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಬಹಳ ಮಂದಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಇಂಥ ಸುದ್ದಿ ಬಂದಾಗಲೆಲ್ಲ ನೀರಿನಲ್ಲಿ ಯಾವ ರೋಗಾಣು ಇತ್ತು ಎಂದೇ ಎಲ್ಲರೂ ಕೇಳುತ್ತಾರೆ. ಚಿಕಿತ್ಸೆ ಕೊಡುವ ವೈದ್ಯರಿಗೆ ಅದು ಬೇಕಾದ ಪ್ರಶ್ನೆಯೇ. ರೋಗಿಯ ಮಲದ ಮಾದರಿಯನ್ನು ಟಿಸಿಬಿಎಸ್ ಅಗಾರ್ ತಟ್ಟೆಗೆ ಸವರಿದರೆ ಕಾಲರಾದ ವಿಬ್ರಿಯೊ ಮರುದಿನ ಹಳದಿ ಚುಕ್ಕೆಗಳಾಗಿ ಮೂಡುತ್ತದೆ. ಇನ್ನೊಂದು ತಟ್ಟೆಯಲ್ಲಿ ಆಂಟಿಬಯೋಟಿಕ್ ಬಿಲ್ಲೆಗಳನ್ನಿಟ್ಟು ಅದು ಯಾವ ಔಷಧಕ್ಕೆ ಬಗ್ಗುತ್ತದೆಂದು ತಿಳಿಯಬಹುದು. ಆದರೆ ಊರಿನ ನೀರು ಕಾಯುವವರು ರೋಗಾಣುವನ್ನೇ ಹುಡುಕುತ್ತ ಕೂರಬಾರದು.

ಟೈಫಾಯ್ಡ್, ಕಾಲರಾ, ರಕ್ತಭೇದಿ ಒಂದೊಂದಕ್ಕೂ ಪರೀಕ್ಷೆ ಬೇರೆ. ರೋಗಾಣು ನೀರಿನಲ್ಲಿ ಇದ್ದರೂ ವಿರಳವಾಗಿರುತ್ತದೆ. ಒಂದು ಬಾಟಲಿಯಲ್ಲಿ ಸಿಗದಿದ್ದರೆ ಊರಿನ ಟ್ಯಾಂಕಿನಲ್ಲಿ ಇಲ್ಲವೆಂದು ಹೇಳಲಾಗದು. ಇವೆಲ್ಲ ಕುಡಿಯುವ ನೀರಿಗೆ ಸೇರುವುದು ಮಾತ್ರ ಮುಖ್ಯವಾಗಿ ಮಲದ ಮೂಲಕ. ಮಲದಲ್ಲಿ ಯಾವಾಗಲೂ ಹೇರಳವಾಗಿರುವ, ಬಹುಪಾಲು ನಿರುಪದ್ರವಿಯಾದ ಇ. ಕೋಲಿಯನ್ನು ಹುಡುಕಿದರೆ ಸಾಕು. 100 ಮಿಲಿಲೀಟರ್ ನೀರನ್ನು 0.45 ಮೈಕ್ರಾನ್ ರಂಧ್ರದ ಪೊರೆಯಲ್ಲಿ ಸೋಸಿ, ಆ ಪೊರೆಯನ್ನು ಪೋಷಕಾಂಶದ ಮೇಲಿಟ್ಟು ಬೆಚ್ಚಗೆ ಬೆಳೆಸಿ, ಮರುದಿನ ಚುಕ್ಕೆ ಎಣಿಸುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಅಷ್ಟು ನೀರಿನಲ್ಲಿ ಅದು ಒಂದೂ ಕಾಣಬಾರದು.

ಹಳ್ಳಿಗೆ ಇನ್ನೂ ಸರಳವಾದ ಉಪಾಯವಿದೆ. 1982ರಲ್ಲಿ ಮಾಂಜಾ ಮತ್ತು ಸಂಗಡಿಗರು ಪ್ರಕಟಿಸಿದ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯಲ್ಲಿ ಔಷಧ ಸವರಿದ ಕಾಗದವಿರುವ ಬಾಟಲಿಗೆ ನೀರು ತುಂಬಿ ಇಡುತ್ತಾರೆ. ಮಲದ ಜೊತೆ ಬರುವ ಕೆಲವು ಬ್ಯಾಕ್ಟೀರಿಯಾಗಳು ಬೆಳೆದರೆ ನೀರು ಕಪ್ಪಾಗುತ್ತದೆ. ಇದನ್ನು ನಂಬಬಹುದೇ ಎಂದು ತಜ್ಞರು ಆಕ್ಷೇಪಿಸುತ್ತಾರೆ. ಗಂಧಕದ ವಾಸನೆಯ ಬೋರ್‌ವೆಲ್ ನೀರು ಶುದ್ಧವಿದ್ದರೂ ಕಪ್ಪಾಗಬಹುದು ಎಂಬುದು ನಿಜ. ಅಂಥಲ್ಲಿ ಪ್ರಯೋಗಾಲಯದ ತೀರ್ಪು ಬೇಕು. ಉಳಿದೆಡೆ ಇದು ಸಾಕಷ್ಟು ಒಳ್ಳೆಯ ಎಚ್ಚರಿಕೆ. ವರ್ಷಕ್ಕೊಮ್ಮೆ ಬರುವ ನಿಖರ ವರದಿಗಿಂತ ವಾರವಾರ ನೋಡುವ ಬಾಟಲಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ: ಬಾಟಲಿ ಕಪ್ಪಾಗುವಷ್ಟರಲ್ಲಿ ಊರು ಆ ನೀರನ್ನು ಕುಡಿದಾಗಿರುತ್ತದೆ. ಒಪ್ಪಲೇಬೇಕು. ನಮ್ಮ ಊರುಗಳಲ್ಲಿ ನಳ ದಿನವಿಡೀ ಬರುವುದಿಲ್ಲ. ಪಂಪ್ ನಿಂತಾಗ ಕೊಳವೆಯೊಳಗಿನ ಒತ್ತಡ ಇಳಿದು, ಒಡೆದ ಜೋಡಣೆಯಿಂದ ಪಕ್ಕದ ಚರಂಡಿ ನೀರು ಒಳಗೆ ನುಗ್ಗಬಹುದು. ಟ್ಯಾಂಕಿನಲ್ಲಿ ಶುದ್ಧವಿದ್ದ ನೀರು ಮನೆ ಮುಟ್ಟುವಾಗ ಕೆಟ್ಟಿರುತ್ತದೆ. ಅದಕ್ಕೇ ಉಳಿಕೆ ಕ್ಲೋರಿನ್, ಅಂದರೆ ಶುದ್ಧೀಕರಣದ ನಂತರವೂ ನೀರಿನಲ್ಲಿ ಉಳಿಯುವ ಕ್ಲೋರಿನ್, ಮುಖ್ಯ. ಕೊನೆಯ ನಳದಲ್ಲೂ ಅದು ಲೀಟರಿಗೆ 0.2 ಮಿಲಿಗ್ರಾಂ ಇರಬೇಕು, ಪರೀಕ್ಷಿಸಲು ನಿಮಿಷಗಳು ಸಾಕು. (ಪ್ರಯೋಗಾಲಯಕ್ಕೆ ಮಾದರಿ ಒಯ್ಯುವ ಬಾಟಲಿಗೆ ಸೋಡಿಯಂ ಥಯೋಸಲ್ಫೇಟ್ ಹಾಕುವುದನ್ನು ಮರೆತರೆ ಅದೇ ಕ್ಲೋರಿನ್ ದಾರಿಯುದ್ದಕ್ಕೂ ಬ್ಯಾಕ್ಟೀರಿಯಾ ಕೊಲ್ಲುತ್ತ ಹೋಗಿ, ಕೆಟ್ಟ ನೀರಿಗೂ ಒಳ್ಳೆಯ ವರದಿ ಬರುತ್ತದೆ.) ಕ್ರಿಪ್ಟೋಸ್ಪೊರಿಡಿಯಂನಂಥ ಪರೋಪಜೀವಿ ಕ್ಲೋರಿನ್‌ಗೆ ಜಗ್ಗುವುದಿಲ್ಲ, ಅದಕ್ಕೆ ಸೋಸುವಿಕೆ, ಕುದಿಸುವಿಕೆಯೇ ಗತಿ.

ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುವ ಸವದತ್ತಿಯ ಯಲ್ಲಮ್ಮನಗುಡ್ಡದಲ್ಲಾಗಲಿ, ಕಿತ್ತೂರು, ಬೈಲಹೊಂಗಲದ ಓಣಿಗಳಲ್ಲಾಗಲಿ ಕ್ಲೋರಿನ್ ಅಳೆಯಬೇಕಾದದ್ದು ಟ್ಯಾಂಕಿನ ಬಳಿಯಲ್ಲ, ಕಟ್ಟಕಡೆಯ ನಳದಲ್ಲಿ. ಅಲ್ಲಿನ ಇವತ್ತಿನ ಅಳತೆ ಎಷ್ಟೆಂದು ನಿಮ್ಮ ಪಂಚಾಯಿತಿಯನ್ನು ಕೇಳಿ.