ಪೊಟ್ಟಣ ಸೇರಿದ್ದು ಯಾರ ಹೊಟ್ಟೆಗೆ? ಮಧುಗಿರಿ–ಪಾವಗಡ ಸೀಮೆಯಲ್ಲಿ ಪೌಷ್ಟಿಕ ಆಹಾರದ ಲೆಕ್ಕ

ಪೌಷ್ಟಿಕ ಆಹಾರವನ್ನು ಮನೆಗೆ ತಲುಪಿಸುವ ವ್ಯವಸ್ಥೆ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಗಳಿಗೆ ಹೊಸದಲ್ಲ. ಗರ್ಭಿಣಿ, ಬಾಣಂತಿ ಮತ್ತು ಮೂರು ವರ್ಷದೊಳಗಿನ ಮಗು ಇರುವ ಮನೆಗೆ ಅಂಗನವಾಡಿಯಿಂದ ಬರುವ ಅಕ್ಕಿ, ಬೇಳೆ, ಬೆಲ್ಲ, ‘ಪುಷ್ಟಿ’ ಪುಡಿಯ ಪೊಟ್ಟಣಗಳು ಇದೇ ವ್ಯವಸ್ಥೆಯ ಹಳೆಯ ರೂಪ. ಇದಕ್ಕೆ ಹಾಕುವ ಹಣ ಸಾರ್ಥಕವೇ ಎಂದು ತೀರ್ಮಾನಿಸಲು ಪೊಟ್ಟಣದ ಮೇಲಿನ ಪಟ್ಟಿ ಓದಿದರೆ ಸಾಲದು. ಅದು ಯಾರಿಗಾಗಿ ಬಂತೋ ಅವರ ತಟ್ಟೆಗೆ ಎಷ್ಟು ಬಿತ್ತು ಎಂಬುದನ್ನು ನೋಡಬೇಕು. ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಮೊದಲು ಪರೀಕ್ಷೆಗೆ ಒಡ್ಡಿದ ತಾಲ್ಲೂಕುಗಳಲ್ಲಿ ಮಧುಗಿರಿಯೂ ಒಂದು.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, 33 ಕಡೆ. ಕರ್ನಾಟಕದ ಪಾಲಿಗೆ ಮೊದಲು ಬಂದದ್ದು ತಿ. ನರಸೀಪುರ. ಮುಂದೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅಂಗನವಾಡಿಯ ಆಹಾರವನ್ನು ಹಕ್ಕಾಗಿಸಿತು. ಗರ್ಭಿಣಿಗೆ, ಹೆರಿಗೆಯ ನಂತರ ಆರು ತಿಂಗಳವರೆಗೆ ಬಾಣಂತಿಗೆ ದಿನಕ್ಕೆ 600 ಕಿಲೋ ಕ್ಯಾಲೊರಿ ಮತ್ತು 18ರಿಂದ 20 ಗ್ರಾಂ ಪ್ರೋಟೀನ್ ಕೊಡುವ ಪೂರಕ ಆಹಾರ ಸಿಗಬೇಕು ಎಂದು ಆಗ ನಿಗದಿಯಾಯಿತು. ಆರು ತಿಂಗಳಿನಿಂದ ಮೂರು ವರ್ಷದ ಮಗುವಿಗೆ 500 ಕಿಲೋ ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್. ಇದು ಮನೆಯ ಊಟದ ಜೊತೆಗೆ ಸೇರಬೇಕಾದದ್ದೇ ಹೊರತು ಅದರ ಬದಲಿಗೆ ಅಲ್ಲ.

ತೊಂದರೆ ಶುರುವಾಗುವುದು ಈ ‘ಜೊತೆಗೆ’ ಎಂಬಲ್ಲೇ. ಮನೆಗೆ ಬಂದ ಅಕ್ಕಿ ಮನೆಯ ಡಬ್ಬಕ್ಕೆ ಸೇರುತ್ತದೆ, ಬೇಳೆ ಎಲ್ಲರ ಸಾರಿಗೆ ಬೀಳುತ್ತದೆ. ಗರ್ಭಿಣಿ ಸೊಸೆಗೆಂದು ಬೇರೆ ಒಲೆ ಹಚ್ಚುವ ಮನೆ ಎಲ್ಲಿಯೂ ಇಲ್ಲ; ಹಾಗೆ ಹಚ್ಚಲಿ ಎಂದು ಬಯಸುವುದೂ ಸರಿಯಲ್ಲ. ಉದಾಹರಣೆಗೆ ತಿಂಗಳಿಗೆ ಒಂದು ಕಿಲೋ ತೊಗರಿಬೇಳೆ ಬಂತು ಎಂದಿಟ್ಟುಕೊಳ್ಳೋಣ. ಅದರಲ್ಲಿ ಇರುವ ಪ್ರೋಟೀನ್ ಸುಮಾರು 220 ಗ್ರಾಂ. ಒಬ್ಬಳೇ ತಿಂದರೆ ದಿನಕ್ಕೆ ಏಳು ಗ್ರಾಂ ಆಯಿತು. ಆರು ಮಂದಿಯ ಮನೆಯಲ್ಲಿ ಸಮನಾಗಿ ಹಂಚಿಕೆಯಾದರೆ ಅವಳ ಪಾಲಿಗೆ ಉಳಿಯುವುದು ಒಂದು ಗ್ರಾಮಿಗಿಂತ ತುಸು ಹೆಚ್ಚು. ಗಂಡಸರು, ಮಕ್ಕಳು ಉಂಡ ಮೇಲೆ ಸೊಸೆ ಕೂರುವ ಮನೆಯಲ್ಲಿ ಅಷ್ಟೂ ಇಲ್ಲ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ ಹೆಚ್ಚುವರಿಯಾಗಿ 22 ಗ್ರಾಂ ಪ್ರೋಟೀನ್ ಬೇಕೆನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ಕಳುಹಿಸಿದ ಬೇಳೆಯಲ್ಲಿ ಮೋಸವಿಲ್ಲ, ತೂಕವೂ ಸರಿ, ಆದರೂ ಉದ್ದೇಶ ಈಡೇರುವುದಿಲ್ಲ.

ಈ ಸೋರಿಕೆಯನ್ನು ತಡೆಯಲು ರಾಜ್ಯ ಸರ್ಕಾರ ರೂಪಿಸಿದ್ದು ‘ಮಾತೃಪೂರ್ಣ’. ಪೊಟ್ಟಣ ಕಳುಹಿಸುವ ಬದಲು ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸುವ ಯೋಜನೆ ಇದು. 2017ರ ಆರಂಭದಲ್ಲಿ ಮಧುಗಿರಿ, ಮಾನ್ವಿ, ಜಮಖಂಡಿ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ನಡೆಸಿ, ಅದೇ ವರ್ಷದ ಅಕ್ಟೋಬರ್ 2ರಿಂದ ಇಡೀ ರಾಜ್ಯಕ್ಕೆ ವಿಸ್ತರಿಸಲಾಯಿತು. ತಿಂಗಳಿಗೆ 25 ದಿನ ಅನ್ನ, ತರಕಾರಿ ಹಾಕಿದ ಬೇಳೆ ಸಾಂಬಾರು, ಒಂದು ಮೊಟ್ಟೆ, 200 ಮಿಲಿ ಹಾಲು, ಕಡಲೆಬೀಜದ ಚಿಕ್ಕಿ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು. ಆರಂಭದಲ್ಲಿ ಒಂದು ಊಟಕ್ಕೆ ಇಟ್ಟ ವೆಚ್ಚ 21 ರೂಪಾಯಿ, ಅಂದರೆ ತಿಂಗಳಿಗೆ 525. ಕಬ್ಬಿಣಾಂಶದ ಮಾತ್ರೆಯನ್ನು ಊಟದ ನಂತರ ಕಾರ್ಯಕರ್ತೆಯ ಎದುರೇ ನುಂಗಿಸುವ ಅನುಕೂಲವೂ ಇದರಲ್ಲಿತ್ತು.

ಈ ತಟ್ಟೆಯನ್ನು ಬಿಡಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಒಂದು ಮೊಟ್ಟೆಯಿಂದ ಆರರಿಂದ ಏಳು ಗ್ರಾಂ, 200 ಮಿಲಿ ಹಾಲಿನಿಂದ ಆರೂವರೆ ಗ್ರಾಂನಷ್ಟು ಪ್ರೋಟೀನ್ ಸಿಗುತ್ತದೆ. 2013ರ ಕಾಯ್ದೆ ಹೇಳಿದ 18–20 ಗ್ರಾಮಿನಲ್ಲಿ ಮೂರನೇ ಎರಡು ಪಾಲು ಈ ಎರಡರಿಂದಲೇ ಬಂತು. ಅನ್ನ ಸಾಂಬಾರು ಮನೆಯಲ್ಲೂ ಸಿಗುತ್ತದೆ. ದಿನವೂ ಒಂದು ಮೊಟ್ಟೆ, ಒಂದು ಲೋಟ ಹಾಲು ಕೂಲಿ ಮನೆಯ ಸೊಸೆಗೆ ಸಿಗುವುದಿಲ್ಲ. ಬಿಸಿಯೂಟದ ನಿಜವಾದ ಗಳಿಕೆ ಇಲ್ಲಿದೆ.

ಆದರೆ ಬಿಸಿಯೂಟಕ್ಕೂ ಒಂದು ಬೆಲೆ ಇದೆ. ಅದನ್ನು ತೆರುವವಳು ಗರ್ಭಿಣಿಯೇ. ತೋಟದ ಮನೆಯಿಂದಲೋ ಪಕ್ಕದ ತಾಂಡಾದಿಂದಲೋ ಬಿಸಿಲಲ್ಲಿ ನಡೆದು ಬರಬೇಕು, ಉಂಡು ಮತ್ತೆ ನಡೆಯಬೇಕು. ಕಡಲೆಕಾಯಿ ಕಳೆ ತೆಗೆಯುವ, ಕೀಳುವ ಕಾಲದಲ್ಲಿ ಮಧ್ಯಾಹ್ನದ ಹೊತ್ತು ಕೂಲಿ ಬಿಟ್ಟು ಬಂದರೆ ಅಷ್ಟು ಸಂಬಳ ಹೋಯಿತು. ಏಳನೇ ತಿಂಗಳಿಗೆ ತವರಿಗೆ ಹೋದವಳ ಹೆಸರು ಒಂದು ಅಂಗನವಾಡಿಯಲ್ಲಿ, ಅವಳು ಇನ್ನೊಂದು ಊರಿನಲ್ಲಿ. ಬಾಣಂತಿಯಂತೂ ಮೊದಲ ತಿಂಗಳುಗಳಲ್ಲಿ ಹೊಸಿಲು ದಾಟುವುದಿಲ್ಲ. ಮೈಗೆ ಗಾಳಿ ತಾಗಬಾರದು, ನಂಜಾಗುವ ಪದಾರ್ಥ ತಿನ್ನಬಾರದು ಎಂಬ ಪಥ್ಯ ಹಿರಿಯರದು. ಶಿರಾ, ಪಾವಗಡ, ಮಧುಗಿರಿ ಭಾಗದ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿ ಮತ್ತು ಹಸುಗೂಸನ್ನು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಇನ್ನೂ ಪೂರ್ತಿ ನಿಂತಿಲ್ಲ. ಆ ತಾಯಿಗೆ ಅಂಗನವಾಡಿಯ ಬಿಸಿಯೂಟ ಕಾಗದದ ಮೇಲಿನ ಊಟ. ಎಲ್ಲರಿಗಿಂತ ಹೆಚ್ಚು ಆಹಾರ ಬೇಕಾದವಳು ಎಲ್ಲರಿಗಿಂತ ಕಡಿಮೆ ಪಡೆಯುವುದು ಅನ್ಯಾಯ. ಅವಳ ಬಳಿಗೆ ಆಹಾರವೇ ಹೋಗಬೇಕು.

ಜಾತಿಯ ಅಡ್ಡಿಯನ್ನೂ ಮುಚ್ಚಿಡುವಂತಿಲ್ಲ. ಅಡುಗೆ ಮಾಡಿದವರು ಯಾರು, ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಯಾರು ಎಂದು ನೋಡಿ ಸೊಸೆಯನ್ನು ಕಳುಹಿಸದ ಮನೆಗಳಿವೆ. ಇಂಥ ಕಾರಣಕ್ಕೆ ಪೊಟ್ಟಣಕ್ಕೆ ಮರಳುವುದು ತಪ್ಪು. ದೂರ ಮತ್ತು ಬಾಣಂತನಕ್ಕೆ ಕೊಡುವ ರಿಯಾಯಿತಿಯನ್ನು ಅಸ್ಪೃಶ್ಯತೆಗೆ ಕೊಡಲಾಗದು.

2020ರಲ್ಲಿ ಕೋವಿಡ್ ಬಂದು ಅಂಗನವಾಡಿ ಬಾಗಿಲು ಮುಚ್ಚಿದಾಗ ಆಹಾರ ಸಾಮಗ್ರಿ ಮತ್ತೆ ಮನೆ ಬಾಗಿಲಿಗೆ ಬಂತು. ಕಾರ್ಯಕರ್ತೆಯರು, ಸಹಾಯಕಿಯರು ತಾವೇ ಹೊತ್ತು ಹಂಚಿದರು. ತಲುಪಿಸುವ ಕೆಲಸ ಸಾಧ್ಯ ಎಂಬುದು ಆಗ ಗೊತ್ತಾಯಿತು. ಆ ದುಡಿಮೆಗೆ ಲೆಕ್ಕಪತ್ರದಲ್ಲಿ ಬೆಲೆ ಇಲ್ಲ ಎಂಬುದೂ ಗೊತ್ತಾಯಿತು.

ಈ ಅನುಭವಗಳನ್ನು ಒಟ್ಟಿಗೆ ಇಟ್ಟರೆ ಮನೆಗೆ ಏನು ಕಳುಹಿಸಬೇಕು ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ. ಪಾತ್ರೆಯಲ್ಲಿ ಬೆರೆತು ಹೋಗುವ ಅಕ್ಕಿ ಬೇಳೆಗಿಂತ, ಎಣಿಸಿ ಕೊಡಬಹುದಾದ ಮೊಟ್ಟೆ ಮತ್ತು ಚಿಕ್ಕಿ ಒಬ್ಬರ ಪಾಲಾಗಿ ಉಳಿಯುವ ಸಾಧ್ಯತೆ ಹೆಚ್ಚು. ತಿಂಗಳಿಗೆ ಒಮ್ಮೆ ಕೊಡುವುದಕ್ಕಿಂತ ವಾರಕ್ಕೊಮ್ಮೆ ಕೊಟ್ಟರೆ ಮೊಟ್ಟೆ ಕೆಡುವುದಿಲ್ಲ, ಮನೆಮಂದಿ ಒಂದೇ ದಿನ ಮುಗಿಸುವುದೂ ಇಲ್ಲ. ಹಾಲಿನ ಪುಡಿಯ ವಿಷಯದಲ್ಲಿ ಎಚ್ಚರ ಬೇಕು. ಅದು ಮನೆ ಸೇರಿದರೆ ಎಲ್ಲರ ಟೀಗೆ ಬೀಳುತ್ತದೆ. ಊಟದ ಜೊತೆ ಕುಡಿದ ಟೀ ಕಬ್ಬಿಣಾಂಶ ಮೈಗೆ ಹತ್ತುವುದನ್ನು ತಗ್ಗಿಸುತ್ತದೆ. ಕರ್ನಾಟಕದ ಗರ್ಭಿಣಿಯರಲ್ಲಿ ರಕ್ತಹೀನತೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲೂ ಐದನೇ ಸುತ್ತಿನಲ್ಲೂ ಶೇ 45ರ ಆಸುಪಾಸಿನಲ್ಲೇ ಇತ್ತು.

ಪಾವಗಡದಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ, ಅದು ನೀರಿನದು. ಇಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು. ಮಿತಿ ಮೀರಿದ ನೀರಿನಲ್ಲಿ ಕಲಸಿದ ಹಾಲಿನ ಪುಡಿ, ಬೇಯಿಸಿದ ಬೇಳೆ, ಮಗುವಿಗೆ ಕಾಸಿದ ಪುಷ್ಟಿ ಗಂಜಿ ಎಲ್ಲವೂ ಅದೇ ನೀರನ್ನು ಹೊಟ್ಟೆಗೆ ಸೇರಿಸುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ. ಪೊಟ್ಟಣವನ್ನು ಎಲ್ಲೋ ಕೂತು ರೂಪಿಸುವವರು ಮರೆಯುವ ಸಂಗತಿ ಇದು. ಕ್ಯಾಲ್ಸಿಯಂ ಹೆಚ್ಚಿರುವ ಆಹಾರ ಫ್ಲೋರೈಡ್ ಹೀರಿಕೆಯನ್ನು ತಗ್ಗಿಸುತ್ತದೆ, ಹಾಗಾಗಿ ಈ ತಾಲ್ಲೂಕಿನ ತಾಯಂದಿರಿಗೆ ಹಾಲು ಮತ್ತು ರಾಗಿ ಇನ್ನಷ್ಟು ಅಗತ್ಯ. ಆದರೆ ಶುದ್ಧ ನೀರಿನ ಘಟಕದಿಂದ ತಂದ ಕೊಡ ನೀರನ್ನು ಕುಡಿಯಲು ಮಾತ್ರ ಇಟ್ಟು, ಅಡುಗೆಗೆ ಬೋರಿನ ನೀರು ಬಳಸುವ ಮನೆಯಲ್ಲಿ ಒಳ್ಳೆಯ ಪೊಟ್ಟಣದ ಫಲವೂ ಅರ್ಧವಾಗುತ್ತದೆ. ತುಂಗಭದ್ರಾ ಹಿನ್ನೀರಿನಿಂದ ಪಾವಗಡಕ್ಕೆ ಕುಡಿಯುವ ನೀರು ತರುವ ಬಹುಗ್ರಾಮ ಯೋಜನೆ ಆ ಕಾರಣಕ್ಕೆ ಆಹಾರದ ಯೋಜನೆಯೂ ಹೌದು.

ಪೊಟ್ಟಣದ ಬೆಲೆಯನ್ನು ಮನೆಯ ಅಡುಗೆಯ ಜೊತೆ ಹೋಲಿಸಿಯೂ ನೋಡಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ ಹತ್ತೂ ಇಲ್ಲ. ಹುರುಳಿಯಲ್ಲಿ ಶೇ 21ಕ್ಕಿಂತ ಹೆಚ್ಚು, ಕಡಲೆಬೀಜದಲ್ಲಿ ಶೇ 23ರಷ್ಟು ಪ್ರೋಟೀನ್. ಮುದ್ದೆ, ಮೊಳಕೆ ಹುರುಳಿ ಸಾರು, ಸೊಪ್ಪು, ಒಂದು ಹಿಡಿ ಕಡಲೆಬೀಜ: ಈ ಸೀಮೆಯ ಹೊಲ ಕೊಡುವ ಊಟ ಯಾವ ಡಬ್ಬಿ ಪುಡಿಗೂ ಕಡಿಮೆಯಿಲ್ಲ. ಹೊಲ ಇದ್ದವರ ಮಾತು ಇದು. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ. ಹೊಲವನ್ನೆಲ್ಲ ಗುತ್ತಿಗೆಗೆ ಕೊಟ್ಟ ಮನೆ ರಾಗಿಯನ್ನೂ ಕಾಳನ್ನೂ ಅಂಗಡಿಯಿಂದ ತರಬೇಕು. ಭೂಮಿ ಇಲ್ಲದ ಕೂಲಿಯವರಿಗೆ ಗುತ್ತಿಗೆಯ ಹಣವೂ ಇಲ್ಲ.

ಪೊಟ್ಟಣ ಮನೆಯ ಅಡುಗೆಯ ಜಾಗವನ್ನು ಸುಲಭವಾಗಿ ಹಿಡಿಯಲಾರದು ಎಂಬುದರ ಕಡೆಗೆ ಹಣ ಕೊಟ್ಟು ತರಿಸುವ ಊಟದ ಕಿಟ್‌ಗಳ ಚರಿತ್ರೆಯೂ ಬೆರಳು ಮಾಡುತ್ತದೆ. ಅಳೆದ ಸಾಮಗ್ರಿ, ಅಡುಗೆ ವಿಧಾನ ಎರಡನ್ನೂ ಪೆಟ್ಟಿಗೆಯಲ್ಲಿಟ್ಟು ಕಳುಹಿಸುವ ಉದ್ಯಮ 2007ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿತು. ಬರ್ಲಿನ್ನಿನ ಹೆಲೋಫ್ರೆಶ್ 2011ರಲ್ಲಿ, ನ್ಯೂಯಾರ್ಕಿನ ಬ್ಲೂ ಏಪ್ರನ್ 2012ರಲ್ಲಿ ಬಂದವು. 2017ರಲ್ಲಿ ದೊಡ್ಡ ನಿರೀಕ್ಷೆಯೊಡನೆ ಷೇರುಪೇಟೆಗೆ ಇಳಿದ ಬ್ಲೂ ಏಪ್ರನ್ 2023ರಲ್ಲಿ ಸುಮಾರು 10 ಕೋಟಿ ಡಾಲರಿಗೆ ಮಾರಾಟವಾಯಿತು. ಬೆಂಗಳೂರಿನಲ್ಲಿ 2005ರಲ್ಲಿ ಆರಂಭವಾದ ಐಡಿ ದೋಸೆ ಹಿಟ್ಟು ಮಾತ್ರ ಮನೆಮನೆಗೆ ಒಗ್ಗಿತು. ಅದು ಇಡೀ ಅಡುಗೆಯನ್ನು ಕೈಗೆತ್ತಿಕೊಳ್ಳಲಿಲ್ಲ. ನೆನೆಹಾಕಿ ರುಬ್ಬುವ ಶ್ರಮವೊಂದನ್ನೇ ಇಳಿಸಿತು.

ಪಾವಗಡ, ಮಧುಗಿರಿಯ ಮೆಡಿಕಲ್ ಶಾಪುಗಳಲ್ಲಿ ಸಿಗುವ ಪ್ರೋಟೀನ್ ಪುಡಿ ಡಬ್ಬಿಗಳನ್ನು, ಆನ್‌ಲೈನಿನಲ್ಲಿ ಬರುವ ಸಿರಿಧಾನ್ಯ ಮಿಶ್ರಣಗಳನ್ನು ಅಳೆಯಲು ಒಂದು ಸರಳ ಭಾಗಾಕಾರ ಸಾಕು. ಬೆಲೆಯನ್ನು ಡಬ್ಬಿಯಲ್ಲಿರುವ ಒಟ್ಟು ಪ್ರೋಟೀನ್ ಗ್ರಾಮುಗಳಿಂದ ಭಾಗಿಸಿ, ಒಂದು ಮೊಟ್ಟೆಯ ಬೆಲೆಯನ್ನು ಆರರಿಂದ ಭಾಗಿಸಿ ಪಕ್ಕದಲ್ಲಿ ಇಟ್ಟು ನೋಡಬೇಕು. ಸಕ್ಕರೆ ಎಷ್ಟನೇ ಪದಾರ್ಥವಾಗಿ ಬರೆದಿದೆ ಎಂಬುದನ್ನೂ ಓದಬೇಕು, ಏಕೆಂದರೆ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರುತ್ತದೆ.

ಕೊನೆಗೆ, ಕೊಟ್ಟ ಆಹಾರ ಕೆಲಸ ಮಾಡಿತೇ ಎಂಬುದಕ್ಕೆ ಹಂಚಿಕೆಯ ರಿಜಿಸ್ಟರಿನ ಸಹಿ ಸಾಕ್ಷಿಯಲ್ಲ. ತಾಯಿ ಕಾರ್ಡಿನಲ್ಲಿ ತಿಂಗಳು ತಿಂಗಳು ಬರೆಯುವ ತೂಕ, ಹಿಮೋಗ್ಲೋಬಿನ್ ಅಂಕಿ, ಹುಟ್ಟಿದ ಮಗು ಎರಡೂವರೆ ಕಿಲೋ ದಾಟಿತೇ ಎಂಬ ವಿವರ ಈಗಾಗಲೇ ಪ್ರತಿ ತಾಯಿಯ ಕೈಯಲ್ಲಿವೆ. ಬಿಸಿಯೂಟ ಉಂಡವರು, ಪೊಟ್ಟಣ ಪಡೆದವರು, ಎರಡೂ ಸಿಗದವರು ಎಂದು ಈ ಅಂಕಿಗಳನ್ನು ಬೇರೆ ಬೇರೆ ಮಾಡಿ ಊರೂರಿನ ಮಟ್ಟದಲ್ಲಿ ನೋಡಿದರೆ, ಯಾವ ಹಟ್ಟಿಗೆ ಮೊಟ್ಟೆ ಹೊತ್ತು ಹೋಗಬೇಕು, ಯಾವ ಊರಿನಲ್ಲಿ ತಟ್ಟೆ ಹಾಕಿ ಬಡಿಸಿದರೆ ಸಾಕು ಎಂಬುದನ್ನು ಮಧುಗಿರಿಯಲ್ಲೂ ಪಾವಗಡದಲ್ಲೂ ಅಂಗನವಾಡಿ ಕಾರ್ಯಕರ್ತೆಯೇ ಹೇಳಬಲ್ಲಳು.