ಥೇಮ್ಸ್‌ಗೆ ಹೊಲಸು ಬಿಟ್ಟಿದ್ದು ಮಳೆಯಲ್ಲ, ವಿನ್ಯಾಸ
ಜೋರು ಮಳೆ ಬಂದಾಗ ಲಂಡನ್ನಿನ ಹೊಲಸು ಥೇಮ್ಸ್ ನದಿಗೆ ನುಗ್ಗುತ್ತಿದ್ದದ್ದು ಪೈಪ್ ಒಡೆದು ಅಲ್ಲ. ಅದನ್ನ ಕಟ್ಟಿದ್ದೇ ಹಾಗೆ. 1858ರ ಬೇಸಿಗೆಯಲ್ಲಿ ನದಿಯ ಗಬ್ಬುನಾತ ಪಾರ್ಲಿಮೆಂಟಿನ ಮೂಗಿಗೇ ಬಡಿದ ಮೇಲೆ (ಆಗಲೇ ದುಡ್ಡು ಬಂದಿದ್ದು ನೋಡಿ!) ಜೋಸೆಫ್ ಬಜಲ್ಜೆಟ್ ಕಟ್ಟಿಸಿದ ಒಳಚರಂಡಿಯಲ್ಲಿ ಶೌಚದ ನೀರಿಗೂ ಮಳೆನೀರಿಗೂ ಒಂದೇ ದಾರಿ. ತುಂಬಿದರೆ ಮನೆಗಳಿಗೆ ವಾಪಸ್ ಬರಬಾರದು ಅಂತ ನದಿಯ ಕಡೆ ಬಾಯಿ ಬಿಟ್ಟಿದ್ದರು.

ಈಗ ಸುಮಾರು 25 ಕಿ.ಮೀ. ಉದ್ದದ ಹೊಸ ಸುರಂಗ ಆ ಹೊಲಸನ್ನ ಹಿಡಿದಿಟ್ಟು ಶುದ್ಧೀಕರಣ ಘಟಕಕ್ಕೆ ಕಳಿಸುತ್ತೆ. 2025ರಲ್ಲಿ ಅದರ ಜೋಡಣೆ ಪೂರ್ತಿಯಾಯ್ತು. ಬೇಕಾಗಿದ್ದ ಕೆಲಸವೇ. ಖರ್ಚು ಮಾತ್ರ ಜನರ ನೀರಿನ ಬಿಲ್ಲಿನಲ್ಲಿ ವಸೂಲಾಗ್ತಿದೆ.

ನನ್ನ ತಕರಾರು ಇಷ್ಟೇ: ಮಳೆನೀರು ಚರಂಡಿಗೆ ಇಳಿಯೋ ಮುಂಚೆಯೇ ಮಣ್ಣು, ಗಿಡ, ಚಾವಣಿಗಳಲ್ಲಿ ತಡೆಯೋ ಕೆಲಸಕ್ಕೂ ಅಷ್ಟೇ ಹಟ ಬೇಕಿತ್ತು. ಮನೆಮುಂದಿನ ತೋಟಗಳನ್ನ ಪಾರ್ಕಿಂಗಿಗೆ ಅಂತ ಕಾಂಕ್ರೀಟ್ ಮಾಡೋದಂತೂ ಇನ್ನೂ ನಿಂತಿಲ್ಲ.