ಶಿಲುಬೆ ಇಲ್ಲದ ಶಿಲುಬೆ ಹಾದಿ

ಕ್ಯಾಥೊಲಿಕ್ ಚರ್ಚುಗಳ ಗೋಡೆಯ ಮೇಲೆ ಸಾಲಾಗಿ 14 ಚಿತ್ರಗಳನ್ನೋ ಉಬ್ಬುಶಿಲ್ಪಗಳನ್ನೋ ಕಾಣಬಹುದು. ಯೇಸುವಿಗೆ ಮರಣದಂಡನೆ ವಿಧಿಸಿದ್ದರಿಂದ ಹಿಡಿದು ದೇಹವನ್ನು ಸಮಾಧಿಯಲ್ಲಿ ಇರಿಸುವವರೆಗಿನ ಘಟನೆಗಳು ಅಲ್ಲಿರುತ್ತವೆ. ಇದೇ ‘ಶಿಲುಬೆ ಹಾದಿ’. ಅಕ್ಷರ ಬಾರದವರೂ ಒಂದೊಂದರ ಮುಂದೆ ನಿಂತು ಕಥೆಯನ್ನು ತಿಳಿಯಬಲ್ಲರು.

ಇದೇ ಹೆಸರಿನ 14 ಚಿತ್ರಗಳು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್ ಸಂಗ್ರಹದಲ್ಲೂ ಇವೆ. ಆದರೆ ಅವುಗಳಲ್ಲಿ ಯೇಸುವಿಲ್ಲ, ಮುಳ್ಳಿನ ಕಿರೀಟವಿಲ್ಲ, ಶಿಲುಬೆಯೂ ಇಲ್ಲ! ಸುಮಾರು ಆರೂವರೆ ಅಡಿ ಎತ್ತರ, ಐದು ಅಡಿ ಅಗಲದ ಕ್ಯಾನ್ವಾಸುಗಳಲ್ಲಿ ಮೇಲಿನಿಂದ ಕೆಳಕ್ಕಿಳಿದ ಪಟ್ಟಿಗಳಷ್ಟೇ ಇವೆ. ಕಲಾವಿದ ಬಾರ್ನೆಟ್ ನ್ಯೂಮನ್. 1905ರಲ್ಲಿ ನ್ಯೂಯಾರ್ಕಿನ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದವರು.

1957ರಲ್ಲಿ ನ್ಯೂಮನ್ ಅವರಿಗೆ ಹೃದಯಾಘಾತವಾಯಿತು. ಚೇತರಿಸಿಕೊಂಡು ಮರುವರ್ಷ ಎರಡು ಚಿತ್ರ ಬರೆದರು. ಆಗ ಅವರ ಮನಸ್ಸಿನಲ್ಲಿ ಶಿಲುಬೆ ಹಾದಿ ಇರಲಿಲ್ಲ. ನಾಲ್ಕನೆಯ ಚಿತ್ರದ ಹೊತ್ತಿಗೆ ತಾವು ಬರೆಯುತ್ತಿರುವುದು ಏನೆಂದು ಅವರಿಗೇ ಹೊಳೆಯಿತು. ಸರಣಿ ಮುಗಿದದ್ದು 1966ರಲ್ಲಿ. ಅದೇ ವರ್ಷ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ಪ್ರದರ್ಶನಗೊಂಡಾಗ, ಹೆಸರಿಗೂ ಚಿತ್ರಕ್ಕೂ ಏನು ಸಂಬಂಧವೆಂದು ವಿಮರ್ಶಕರು ಹಳಿದರು.

ಉತ್ತರ ಸರಣಿಯ ಉಪಶೀರ್ಷಿಕೆಯಲ್ಲೇ ಇತ್ತು: ‘ಲೆಮಾ ಸಬಕ್ತಾನಿ’. ದೇವರು ತನ್ನನ್ನೇಕೆ ಕೈಬಿಟ್ಟನೆಂದು ಯೇಸು ಶಿಲುಬೆಯ ಮೇಲಿಂದ ಕೂಗಿ ಕೇಳಿದ ಮಾತದು. ಯಹೂದಿಗಳ ಕೀರ್ತನೆಯೊಂದರ ಆರಂಭವೂ ಅದೇ ಪ್ರಶ್ನೆ. ನ್ಯೂಮನ್ 14 ಘಟನೆಗಳನ್ನು ಚಿತ್ರಿಸಹೊರಟವರಲ್ಲ. ಅವರಿಗೆ ಬೇಕಾಗಿದ್ದುದು ಆ ಒಂದು ಕೂಗು.

ಅದಕ್ಕೆಂದೇ ಬಣ್ಣಗಳನ್ನು ದೂರವಿಟ್ಟರು. ಬಳಸಿದ್ದು ಮುಖ್ಯವಾಗಿ ಕಪ್ಪು ಮತ್ತು ಬಿಳಿ. ಕ್ಯಾನ್ವಾಸಿಗೆ ಸಾಮಾನ್ಯವಾಗಿ ಮೊದಲು ಬಿಳಿಯ ಲೇಪ ಕೊಡುತ್ತಾರೆ. ನ್ಯೂಮನ್ ಅದನ್ನೂ ಬಿಟ್ಟರು. ಹೀಗಾಗಿ ಬಟ್ಟೆಯ ಸಹಜ ಮಾಸಲು ಬಣ್ಣವೇ ಚಿತ್ರದ ಅಂಗವಾಯಿತು. ಸಂಪ್ರದಾಯದಂತೆ 12ನೆಯದು ಯೇಸುವಿನ ಮರಣದ ಚಿತ್ರ. ಇಲ್ಲಿ ಅದರಲ್ಲಿ ಕಪ್ಪು ಅಗಲವಾಗಿ ಹರಡಿಕೊಳ್ಳುತ್ತದೆ. ಕೊನೆಯದರಲ್ಲಿ ಕಪ್ಪೇ ಇಲ್ಲ, ಬಹುಪಾಲು ಬಿಳಿ. ಅದು ಸಮಾಧಿಯ ವಸ್ತ್ರವೋ, ಪುನರುತ್ಥಾನದ ಬೆಳಕೋ? ಚಿತ್ರ ಬಾಯಿ ಬಿಡುವುದಿಲ್ಲ.

ಮಾತಿಲ್ಲದ ಆಲಾಪನೆಯಲ್ಲಿ ದುಃಖ ತಟ್ಟುವುದಿಲ್ಲವೆ? ಅಮೂರ್ತ ಕಲೆಯ ಸಂಕೇತವೂ ಹಾಗೆಯೇ. ಶಿಲುಬೆಯ ಆಕಾರ ಕಂಡರೆ ನೋಡುಗನಿಗೆ ಯೇಸುವಿನ ನೋವು ನೆನಪಾಗುತ್ತದೆ. ಆಕಾರವೇ ಇಲ್ಲದಿದ್ದಾಗ ಆ ಖಾಲಿ ಜಾಗದಲ್ಲಿ ತನ್ನದೇ ನೋವು ಬಂದು ನಿಲ್ಲುತ್ತದೆ. ಏಕೆ ಕೈಬಿಟ್ಟೆ ಎಂಬ ಪ್ರಶ್ನೆ ಯಾವುದೋ ಒಂದು ಮತದವರಿಗೆ ಮಾತ್ರ ಸೇರಿದ್ದಲ್ಲವಲ್ಲ.